ಕೋಲಿಗಿಂತ ಮೊದಲು ಸ್ವರಪಟ

ದಕ್ಷಿಣ ವೇಲ್ಸ್‌ನ ಅಬರ್‌ಡೇರ್ ಕಲ್ಲಿದ್ದಲಿನಿಂದ ಬೆಳೆದ ಊರು. ಅಲ್ಲಿನ ವಿಕ್ಟೋರಿಯಾ ಚೌಕದಲ್ಲಿ 1920ರಲ್ಲಿ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದರು. ಶಿಲ್ಪಿ ಗಾಸ್ಕೂಮ್ ಜಾನ್. ಪ್ರತಿಮೆ ಗ್ರಿಫಿತ್ ರೀಸ್ ಜೋನ್ಸ್‌ನದು. ಜನರ ಬಾಯಲ್ಲಿ ಅವನ ಹೆಸರು ಕರಾದೊಗ್. ಕಮ್ಮಾರಿಕೆ ಕಲಿತು, ಆಮೇಲೆ ಪಬ್ ನಡೆಸಿ, ಕೊನೆಗೆ ಬಿಯರ್ ವ್ಯಾಪಾರದಲ್ಲಿ ಹಣ ಮಾಡಿದವನು. ಆದರೆ ಪ್ರತಿಮೆಯ ಕೈಯಲ್ಲಿರುವುದು ಸುತ್ತಿಗೆಯಲ್ಲ, ಕ್ವಾಯರ್ ನಡೆಸುವ ಸಣ್ಣ ಕೋಲು. ಮಹಾಯುದ್ಧ ಮುಗಿದು ಇನ್ನೂ ಎರಡು ವರ್ಷವಾಗಿರಲಿಲ್ಲ. ಬ್ರಿಟನ್ನಿನ ಊರೂರಲ್ಲಿ ಮಡಿದ ಸೈನಿಕರ ಸ್ಮಾರಕಗಳು ಏಳುತ್ತಿದ್ದವು. ಅಂಥ ಹೊತ್ತಿನಲ್ಲಿ ಗಣಿ ಕಾರ್ಮಿಕರ ಊರೊಂದು ತನ್ನ ಮುಖ್ಯ ಚೌಕವನ್ನು, ಕಛೇರಿಯ ದಿನ ಒಂದು ಸ್ವರವನ್ನೂ ತಾನು ಹಾಡದ ಮನುಷ್ಯನಿಗೆ ಬಿಟ್ಟುಕೊಟ್ಟಿತು. ಏಕೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದಿದೆ: ಅವನ ಕಣ್ಣಿನಲ್ಲಿ ಏನೋ ಶಕ್ತಿ ಇತ್ತು, ಅವನು ಕೈಯೆತ್ತಿದರೆ ನಾನೂರೈವತ್ತು ಜನರ ಎದೆ ತುಂಬುತ್ತಿತ್ತು ಎಂಬುದು. ವೃಂದಗಾನದ ನಾಯಕರ ಬಗ್ಗೆ ಬರೆಯುವವರೆಲ್ಲ ಈ ಧಾಟಿಯನ್ನೇ ಹಿಡಿಯುತ್ತಾರೆ. ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ವೇಲ್ಸ್‌ನ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಸರಿದು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಸಂಬಳವಿಲ್ಲದೆ ಹಾಡಲು ಬರುವ ಜನರನ್ನು ನಡೆಸುವ ಅಧಿಕಾರ ನಾಯಕನಿಗೆ ಬಂದದ್ದು ಅವರಿಗೆ ಸ್ವರ ಓದಲು ಕಲಿಸಿದ್ದರಿಂದ, ಅಂದರೆ ತನ್ನ ವಿದ್ಯೆಯ ಗುಟ್ಟನ್ನು ಅವರ ಕೈಗೆ ಕೊಟ್ಟದ್ದರಿಂದ. ಕೋಲು ಆಡಿದ್ದು ಆಮೇಲೆ.

ಹಾಡದೆ ಹಾಡಿಸುವ ಈ ಮನುಷ್ಯ ನಮ್ಮ ಕಣ್ಣಿಗೆ ಸ್ವಲ್ಪ ವಿಚಿತ್ರ. ನಮ್ಮಲ್ಲಿ ಯಕ್ಷಗಾನದ ಭಾಗವತ ಇಡೀ ಆಟವನ್ನು ನಡೆಸುತ್ತಾನೆ; ಆದರೆ ಜಾಗಟೆ ಹಿಡಿದು ಅವನೇ ಹಾಡುತ್ತಾನೆ. ಭಜನೆಯಲ್ಲಿ ಮುಂದೆ ಕೂತವರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಎಲ್ಲರೂ ಒಂದೇ ಸ್ವರ ಹಾಡುವಾಗ ತಾಳ ಸಾಕು, ಪಕ್ಕದವರ ದನಿ ಸಾಕು. ತಪ್ಪಿದವನು ಎರಡು ಅಕ್ಷರದೊಳಗೆ ದಾರಿಗೆ ಬರುತ್ತಾನೆ. ಯುರೋಪಿನ ವೃಂದಗಾನದಲ್ಲಿ ಒಂದೇ ಗಳಿಗೆಯಲ್ಲಿ ನಾಲ್ಕು ಗುಂಪುಗಳು ನಾಲ್ಕು ಬೇರೆ ಸ್ವರಗಳಲ್ಲಿರುತ್ತವೆ: ಹೆಂಗಸರಲ್ಲಿ ಸೊಪ್ರಾನೊ, ಆಲ್ಟೊ, ಗಂಡಸರಲ್ಲಿ ಟೆನರ್, ಬೇಸ್. ಆಲ್ಟೊದವರು ಸೊಪ್ರಾನೊದವರ ದನಿಗೆ ಕಿವಿಗೊಟ್ಟು ಅದರ ಹಿಂದೆ ಹೋದರೆ ಹಾಡು ಕೆಟ್ಟಿತು. ಅಕ್ಕಪಕ್ಕದವರನ್ನು ಅನುಸರಿಸುವ ಸಹಜ ಬುದ್ಧಿಯೇ ಇಲ್ಲಿ ಶತ್ರು. ಆದ್ದರಿಂದ ನಾಲ್ಕನ್ನೂ ಕೇಳಿಸಿಕೊಂಡು, ತಾನು ಯಾವುದನ್ನೂ ಹಾಡದೆ ನಿಲ್ಲುವವನೊಬ್ಬ ಬೇಕಾಗುತ್ತಾನೆ. ಹಳೆಯ ಚರ್ಚುಗಳಲ್ಲಿ ಸುರುಳಿ ಸುತ್ತಿದ ಕಾಗದ ಹಿಡಿದು ತಾಳ ತೋರಿಸುತ್ತಿದ್ದರು. ಫ್ರಾನ್ಸಿನ ಆಸ್ಥಾನದ ಲೂಲಿ ದಪ್ಪ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದ. 1687ರಲ್ಲಿ ಅದನ್ನು ತನ್ನ ಕಾಲಿಗೇ ಕುಟ್ಟಿಕೊಂಡು, ಗಾಯ ಕೊಳೆತು ಸತ್ತ. ಕೋಲಿನ ಇತಿಹಾಸ ಬರೆಯುವವರು ಈ ಕಥೆಯನ್ನು ಬಿಡುವುದಿಲ್ಲ. ಆದರೆ ಲೂಲಿಯ ಮುಂದೆ ಇದ್ದವರು ದೊರೆಯ ಸಂಬಳ ತಿನ್ನುವವರು. ನಾಳೆ ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಗಣಿಯಲ್ಲಿ ಹತ್ತು ತಾಸು ದುಡಿದು ಸಂಜೆ ಹಾಡಲು ಬರುವವನಿಗೆ ಆ ಸ್ವಾತಂತ್ರ್ಯ ಧಾರಾಳವಾಗಿ ಇತ್ತು. ಆದ್ದರಿಂದ ಆಸ್ಥಾನದ ಕೋಲಿನಿಂದ ವೇಲ್ಸ್‌ನ ಕೋಲಿಗೆ ನೇರ ವಂಶವೃಕ್ಷ ಎಳೆಯುವುದು ಸರಿಯಲ್ಲ.

ಹತ್ತಿರದ ಪೂರ್ವಜ ಬೇಕಾದರೆ ಹನ್ನೊಂದನೆಯ ಶತಮಾನದ ಇಟಲಿಗೆ ಹೋಗಬೇಕು. ಅರೆಟ್ಸೊದ ಗೈಡೊ ಎಂಬ ಸನ್ಯಾಸಿ ಹುಡುಗರಿಗೆ ಮಠದ ಹಾಡು ಕಲಿಸುವವನು. ಆಗ ಹಾಡು ಬಾಯಿಂದ ಬಾಯಿಗೆ ಹೋಗುತ್ತಿತ್ತು. ವರ್ಷದ ಎಲ್ಲ ಪೂಜೆಯ ಹಾಡುಗಳನ್ನು ಕಂಠಪಾಠ ಮಾಡಲು ಹತ್ತು ವರ್ಷ ಹಿಡಿಯುತ್ತಿತ್ತು. ಗೈಡೊ ಗೆರೆಗಳ ಮೇಲೆ ಸ್ವರ ಬರೆದು, ಉತ್ ರೇ ಮೀ ಎಂಬ ಅಕ್ಷರಗಳನ್ನು ಹಿಡಿದು, ಎಂದೂ ಕೇಳದ ಹಾಡನ್ನು ಹುಡುಗರು ನೋಡಿ ಹಾಡುವಂತೆ ಮಾಡಿದ. ಹತ್ತು ವರ್ಷದ ಕೆಲಸ ಒಂದೆರಡು ವರ್ಷಕ್ಕೆ ಇಳಿಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಅವನಿದ್ದ ಪೊಂಪೋಸಾ ಮಠದ ಇತರರು ಅಸೂಯೆಪಟ್ಟರು. ಅವನು ಮಠ ಬಿಟ್ಟು ಹೊರಡಬೇಕಾಯಿತು. ಅಸೂಯೆಯ ಕಾರಣ ಊಹಿಸುವುದು ಕಷ್ಟವಲ್ಲ. ಹಾಡು ಗುರುವಿನ ನೆನಪಿನಲ್ಲಿ ಮಾತ್ರ ಇರುವಷ್ಟು ದಿನ ಗುರುವಿಗೆ ಬೆಲೆ. ಹುಡುಗನೇ ಓದಿಕೊಂಡರೆ ಗುರು ಬೇರೇನನ್ನಾದರೂ ಕೊಡಬೇಕಾಗುತ್ತದೆ. ವೃಂದನಾಯಕ ಎಂಬ ಸ್ಥಾನ ಹುಟ್ಟುವುದು ಆ 'ಬೇರೇನು' ಎಂಬಲ್ಲಿ.

ಸಂಬಳವಿಲ್ಲದ, ಊರಿನ ಸಾಮಾನ್ಯ ಗಂಡಸರು ಹೆಂಗಸರು ಸೇರಿ ಹಾಡುವ ದೊಡ್ಡ ಕ್ವಾಯರ್‌ಗೆ ಮಾದರಿ ಹಾಕಿಕೊಟ್ಟದ್ದು ಬರ್ಲಿನ್ನಿನ ಸಿಂಗ್ ಅಕಾಡೆಮಿ. ಫಾಶ್ ಎಂಬ ಸಂಗೀತಗಾರ 1791ರಲ್ಲಿ ಆರಂಭಿಸಿದ. 1800ರಲ್ಲಿ ಅವನು ತೀರಿಕೊಂಡ ಮೇಲೆ, ಗಾರೆ ಕೆಲಸದ ಮನೆತನದಿಂದ ಬಂದು ತಾನೂ ಆ ಕಸುಬು ಮಾಡಿದ್ದ ಟ್ಸೆಲ್ಟರ್ ನಡೆಸಿದ. ಇದೇ ಕ್ವಾಯರ್ ಹಿಡಿದು ಇಪ್ಪತ್ತರ ಹರೆಯದ ಮೆಂಡೆಲ್‌ಸನ್ 1829ರ ಮಾರ್ಚ್ 11ರಂದು ಬಾಖ್‌ನ ಮ್ಯಾಥ್ಯೂ ಪ್ಯಾಶನ್ ಕೃತಿಯನ್ನು ಮತ್ತೆ ಹಾಡಿಸಿದ. ಅದು ಸಂಗೀತದ ಇತಿಹಾಸದಲ್ಲಿ ಹೆಸರಾದ ಸಂಜೆ. ಆದರೆ ನಮ್ಮ ವಾದಕ್ಕೆ ಬೇಕಾದದ್ದು ಎರಡು ಸಣ್ಣ ಸಂಗತಿ. ಒಂದು, ಈ ಕೃತಿಯ ಅಭ್ಯಾಸ ಮೆಂಡೆಲ್‌ಸನ್‌ನ ಮನೆಯಲ್ಲಿ ಸಣ್ಣ ಗುಂಪಿನೊಂದಿಗೆ 1827ರಷ್ಟು ಹಿಂದೆಯೇ ಶುರುವಾಗಿತ್ತು. ಇನ್ನೊಂದು, ಅಂದು ಯೇಸುವಿನ ಪಾತ್ರ ಹಾಡಿದ ಗೆಳೆಯ ಡೆವ್ರಿಯೆಂಟ್ ತನ್ನ ನೆನಪುಗಳಲ್ಲಿ ಬರೆದಿರುವಂತೆ, ಹಾಡು ಸರಿಯಾಗಿ ಸಾಗುತ್ತಿರುವಾಗ ಮೆಂಡೆಲ್‌ಸನ್ ಕೋಲನ್ನು ಕೆಳಗಿಳಿಸಿ ಸುಮ್ಮನೆ ಕೇಳುತ್ತಿದ್ದ. ಎರಡು ವರ್ಷದ ತಯಾರಿ ಇದ್ದಾಗ ಆ ಹೊತ್ತಿನಲ್ಲಿ ತೋಳು ಬೀಸುವ ಅಗತ್ಯ ಕಡಿಮೆ.

ಬ್ರಿಟನ್ನಿನಲ್ಲಿ 1840ರ ದಶಕ ಹಾಡು ಕಲಿಸುವವರ ಸುಗ್ಗಿಯ ಕಾಲ. ಜರ್ಮನಿಯಿಂದ ಬಂದ ಮೈನ್ಸರ್ ಲಕ್ಷಾಂತರ ಜನರಿಗೆ ಹಾಡು ಎಂಬ ಘೋಷಣೆಯೊಂದಿಗೆ ತರಗತಿ ತೆರೆದ. ಜಾನ್ ಹಲ್ಲಾ 1841ರಲ್ಲಿ ಸರ್ಕಾರದ ಬೆಂಬಲದಲ್ಲಿ ಲಂಡನ್ನಿನ ಎಕ್ಸಿಟರ್ ಹಾಲ್‌ನಲ್ಲಿ ಶಾಲಾ ಶಿಕ್ಷಕರಿಗೆ ಕಲಿಸಿದ. ಹಲ್ಲಾನ ಪದ್ಧತಿಯಲ್ಲಿ 'ದೋ' ಎಂದರೆ ಪಿಯಾನೋದ ಒಂದೇ ಒಂದು ಮನೆ; ಅದು ಕದಲುವುದಿಲ್ಲ. ಹಾಡು ಬೇರೆ ಶ್ರುತಿಗೆ ಹೋದ ಕೂಡಲೇ ಕಲಿತದ್ದೆಲ್ಲ ತಲೆಕೆಳಗು. ಇದಕ್ಕೆ ಎದುರಾಗಿ ನಾರಿಚ್‌ನ ಶಿಕ್ಷಕಿ ಸಾರಾ ಗ್ಲೋವರ್ ಮಕ್ಕಳಿಗಾಗಿ ಕಟ್ಟಿಕೊಂಡಿದ್ದ ಪದ್ಧತಿಯಲ್ಲಿ 'ದೋ' ಎಲ್ಲಿ ಬೇಕಾದರೂ ಕೂರಬಹುದಿತ್ತು. ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು ಕಲಿಸಲು ಸುಲಭ ದಾರಿ ಹುಡುಕಬೇಕೆಂಬ ಹೊಣೆ 1841ರಲ್ಲಿ ಜಾನ್ ಕರ್ವೆನ್ ಎಂಬ ಪಾದ್ರಿಯ ಹೆಗಲಿಗೆ ಬಿತ್ತು. ಆತ ಗ್ಲೋವರ್‌ಳ ಪದ್ಧತಿಯನ್ನೇ ತಿದ್ದಿ ಬೆಳೆಸಿ 'ಟಾನಿಕ್ ಸೋಲ್-ಫಾ' ಎಂದು ಪ್ರಚಾರ ಮಾಡಿದ. ಸರಳೆ ವರಸೆ ಕಲಿತ ಯಾವ ಕನ್ನಡದ ಹುಡುಗಿಗೂ ಇದನ್ನು ವಿವರಿಸಬೇಕಾಗಿಲ್ಲ. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಷಡ್ಜ ಇಟ್ಟರೂ ಕಪ್ಪು ಎರಡರಲ್ಲಿ ಇಟ್ಟರೂ ಸರಿಗಮ ಸರಿಗಮವೇ. ಯುರೋಪಿನ ಸಂಗೀತ ಪಂಡಿತರಿಗೆ ಮಾತ್ರ ಅದು ಕೀಳು ಉಪಾಯವಾಗಿ ಕಂಡಿತು.

ಕರ್ವೆನ್‌ನ ಪದ್ಧತಿಗೆ ಇನ್ನೊಂದು ಬಲವಿತ್ತು, ಅದು ಅಚ್ಚುಮನೆಯದು. ಐದು ಗೆರೆಗಳ ಸಂಗೀತಲಿಪಿ ಅಚ್ಚು ಹಾಕಲು ವಿಶೇಷ ಮೊಳೆಗಳೋ ತಗಡಿನ ಕೆತ್ತನೆಯೋ ಬೇಕು. ಸೋಲ್-ಫಾದಲ್ಲಿ ಸ್ವರಗಳು ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳು. ಅಕ್ಷರಕಾಲದ ವಿಭಾಗಕ್ಕೆ ಎರಡು ಚುಕ್ಕಿ, ಆವರ್ತಕ್ಕೆ ನಿಂತ ಗೆರೆ. ಮದುವೆಯ ಕಾಗದ ಅಚ್ಚು ಹಾಕುವ ಸಣ್ಣ ಪ್ರೆಸ್ಸಿನವನೂ ಹ್ಯಾಂಡೆಲ್‌ನ ಕೋರಸ್ ಅಚ್ಚು ಹಾಕಬಹುದಿತ್ತು. ಅತ್ತ ನೊವೆಲ್ಲೊ ಕಂಪನಿ 1846ರಲ್ಲಿ ಹ್ಯಾಂಡೆಲ್‌ನ 'ಮೆಸ್ಸಾಯ'ವನ್ನು ತಿಂಗಳಿಗೊಂದು ಭಾಗದಂತೆ ಆರು ಪೆನ್ನಿಗೆ ಮಾರಲು ಶುರು ಮಾಡಿತ್ತು. ಪುಸ್ತಕ ಅಗ್ಗವಾಯಿತು, ಓದು ಸುಲಭವಾಯಿತು. ಹಾಡುವವನ ಜೇಬಿನಲ್ಲಿ ಅವನದೇ ಪ್ರತಿ ಬಂದು ಕೂತದ್ದು ಹೀಗೆ. ಮುಂದೆ ನಿಂತವನ ಕೋಲಿನ ಕಥೆಯಲ್ಲಿ ಪ್ರೆಸ್ಸಿನ ಮೊಳೆಗಳಿಗೆ ಜಾಗ ಕೊಡುವವರು ಕಡಿಮೆ. ನನ್ನ ಲೆಕ್ಕದಲ್ಲಿ ಅವುಗಳ ಪಾಲೇ ದೊಡ್ಡದು.

ಇದೆಲ್ಲ ವೇಲ್ಸ್‌ಗೆ ಬಂದು ಬಿದ್ದ ಹೊತ್ತು ಕೂಡ ಹಾಗಿತ್ತು. ಕಬ್ಬಿಣ ಮತ್ತು ಕಲ್ಲಿದ್ದಲಿಗಾಗಿ ಹಳ್ಳಿಗಾಡಿನ ಜನ ಸಾವಿರಗಟ್ಟಲೆ ಮೆರ್ಥರ್, ಅಬರ್‌ಡೇರ್, ರೋಂಡ ಕಣಿವೆಗಳಿಗೆ ಇಳಿದಿದ್ದರು. ಆಂಗ್ಲಿಕನ್ ಚರ್ಚನ್ನು ಬಿಟ್ಟ ಇವರು ಬೀದಿಗೊಂದರಂತೆ ಚಾಪೆಲ್ ಕಟ್ಟಿಕೊಂಡರು. 1847ರಲ್ಲಿ ಸರ್ಕಾರದ ಶಿಕ್ಷಣ ವರದಿ ಹೊರಬಂತು. ಇಂಗ್ಲಿಷ್ ಅಧಿಕಾರಿಗಳು ವೇಲ್ಸ್ ಜನರ ಭಾಷೆಯನ್ನು ಹಿಂದುಳಿದಿರುವಿಕೆಯ ಮೂಲವೆಂದೂ ಅವರ ನಡತೆಯನ್ನು ಸಡಿಲವೆಂದೂ ಬರೆದರು. ನೀಲಿ ಹೊದಿಕೆಯ ಆ ಸಂಪುಟಗಳು ಕೊಟ್ಟ ನೋವು ವೇಲ್ಸ್‌ನಲ್ಲಿ ಮೂರು ತಲೆಮಾರು ಉಳಿಯಿತು. ನಾವು ಒರಟರಲ್ಲ ಎಂದು ತೋರಿಸಲು ಕಾರ್ಮಿಕರ ಕೈಯಲ್ಲಿ ಇದ್ದದ್ದು ಹಾಡು. ಅದಕ್ಕೆ ಪಿಯಾನೋ ಬೇಡ, ಬಂಡವಾಳ ಬೇಡ. ಅಬರ್‌ಡೇರ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದ ಜಾನ್ ರಾಬರ್ಟ್ಸ್, ಕಾವ್ಯನಾಮ ಯೇಯನ್ ಗ್ವಿಲ್ಟ್, 1859ರಲ್ಲಿ ಚಾಪೆಲ್ ಗೀತೆಗಳ ರಾಗಗಳ ಸಂಗ್ರಹ ತಂದ. ಕೆಲವೇ ವರ್ಷಗಳಲ್ಲಿ ಅದರ ಸೋಲ್-ಫಾ ಆವೃತ್ತಿಯೂ ಬಂತು. ಲಿವರ್‌ಪೂಲಿನಲ್ಲಿದ್ದ ಎಲಿಯೇಸರ್ ರಾಬರ್ಟ್ಸ್ ಕರ್ವೆನ್‌ನ ಪಾಠಗಳನ್ನು ವೇಲ್ಸ್ ಭಾಷೆಗೆ ತಂದು ಊರೂರು ತಿರುಗಿದ. ಒಂದು ಭಾಗದ ಚಾಪೆಲ್‌ಗಳೆಲ್ಲ ಒಂದೆಡೆ ಸೇರಿ ದಿನವಿಡೀ ನಾಲ್ಕು ದನಿಯಲ್ಲಿ ಹಾಡುವ 'ಕಮಾನ್ವ ಗಾನಿ' ಎಂಬ ಸಮ್ಮೇಳನದ ಪದ್ಧತಿ ಬೇರೂರಿದ್ದೂ ಆಗಲೇ. ಚಾಪೆಲ್ ಹಿಂದಿನ ಕೋಣೆಯಲ್ಲಿ ಗೋಡೆಗೆ ಒಂದು ಉದ್ದನೆಯ ಸ್ವರಪಟ ನೇತಾಡುತ್ತಿತ್ತು, ಕೆಳಗಿನ ದೋದಿಂದ ಮೇಲಿನ ದೋವರೆಗೆ ಮೆಟ್ಟಿಲು ಮೆಟ್ಟಿಲಾಗಿ. ಕಲಿಸುವವನು ಕಡ್ಡಿಯಿಂದ ಒಂದೊಂದು ಅಕ್ಷರ ಮುಟ್ಟುತ್ತಾನೆ, ಮುಂದಿದ್ದವರು ಹಾಡುತ್ತಾರೆ. ಕರ್ವೆನ್ 1870ರ ಹೊತ್ತಿಗೆ ಪ್ರತಿ ಸ್ವರಕ್ಕೂ ಒಂದು ಕೈಮುದ್ರೆ ಸೇರಿಸಿದ. ಕೋಲು ಮೊದಲು ತೋರಿಸಿದ್ದು ತಾಳವನ್ನಲ್ಲ, ಸ್ವರವನ್ನು.

ಈ ನೆಲದಲ್ಲಿ ಕರಾದೊಗ್ ಬೆಳೆದ. ಹುಟ್ಟಿದ್ದು 1834ರಲ್ಲಿ ಅಬರ್‌ಡೇರ್ ಪಕ್ಕದ ಟ್ರೆಕಾನನ್ನಿನ ಒಂದು ಪಬ್ಬಿನಲ್ಲಿ. ಪಿಟೀಲು ನುಡಿಸುತ್ತಿದ್ದ, ಕಮ್ಮಾರಸಾಲೆಯಲ್ಲಿ ಕೆಲಸ ಮಾಡುತ್ತಿದ್ದ. ಇನ್ನೂ ಇಪ್ಪತ್ತು ತುಂಬುವ ಮೊದಲೇ ಒಂದು ಸಣ್ಣ ಕ್ವಾಯರ್ ಕಟ್ಟಿ, ಹಾಡು ಕವಿತೆಗಳ ಸ್ಪರ್ಧೆಯ ಉತ್ಸವವಾದ ಐಸ್ತೆದ್‌ವೊಡ್‌ನಲ್ಲಿ ಗೆದ್ದ. 1872ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ರಾಷ್ಟ್ರೀಯ ಸಂಗೀತ ಸ್ಪರ್ಧೆ ಏರ್ಪಟ್ಟಿತು. ದೊಡ್ಡ ಕ್ವಾಯರ್‌ಗೆ ಸಾವಿರ ಪೌಂಡ್ ಬೆಲೆಯ ಬಟ್ಟಲು. ದಕ್ಷಿಣ ವೇಲ್ಸ್‌ನ ಕಣಿವೆಗಳೆಲ್ಲ ಸೇರಿ ಸುಮಾರು 450 ಜನರ ಒಂದು ಕ್ವಾಯರ್ ಕಟ್ಟಿದವು. ಜನ ಅದನ್ನು ಕರೆದದ್ದು ಸರಳವಾಗಿ 'ದೊಡ್ಡ ಕ್ವಾಯರ್' ಎಂದು. ಗಣಿ, ಕಬ್ಬಿಣದ ಕುಲುಮೆಗಳ ಕೆಲಸಗಾರರು, ಅವರ ಮನೆಯ ಹೆಂಗಸರು ಇದರಲ್ಲಿದ್ದರು. ಪ್ರಯಾಣದ ಖರ್ಚಿಗೆ ಊರೂರಲ್ಲಿ ಚಂದಾ ಎತ್ತಿದರು. ಮೊದಲ ವರ್ಷ ಎದುರಾಳಿಯೇ ಇರಲಿಲ್ಲ; ಬಟ್ಟಲು ಹಾಗೇ ಬಂತು, ಲಂಡನ್ ಪತ್ರಿಕೆಗಳಿಗೆ ಮೂಗು ಮುರಿಯಲು ಅವಕಾಶವಾಯಿತು. 1873ರಲ್ಲಿ ಜೋಸೆಫ್ ಪ್ರೌಡ್‌ಮನ್ ನಡೆಸುತ್ತಿದ್ದ ಲಂಡನ್ನಿನ ಕ್ವಾಯರ್ ಎದುರು ನಿಂತಿತು. ಪ್ರೌಡ್‌ಮನ್ ಸಾಮಾನ್ಯನಲ್ಲ, 1867ರಲ್ಲಿ ಪ್ಯಾರಿಸ್ಸಿನಲ್ಲಿ ಬಹುಮಾನ ತಂದವನು. ವೇಲ್ಸ್ ಗೆದ್ದಿತು. ರೈಲು ಊರಿಗೆ ಬಂದಾಗಿನ ಸಂಭ್ರಮದ ವರ್ಣನೆಗಳು ಬೇಕಾದಷ್ಟಿವೆ, ಅವನ್ನು ಇಲ್ಲಿ ಬಿಡೋಣ. ಗಮನಿಸಬೇಕಾದದ್ದು ಈ ಕ್ವಾಯರ್ ತಯಾರಾದ ಬಗೆ. 450 ಜನ ಬೇರೆ ಬೇರೆ ಕಣಿವೆಗಳಲ್ಲಿ, ಬೇರೆ ಬೇರೆ ಪಾಳಿಯಲ್ಲಿ ದುಡಿಯುವವರು. ದಿನಾ ಒಂದೆಡೆ ಸೇರುವ ಮಾತೇ ಇಲ್ಲ. ಪ್ರತಿ ಊರಿನ ತುಂಡು ಅಲ್ಲಿನ ಸ್ಥಳೀಯ ನಾಯಕನ ಕೈಯಲ್ಲಿ ಕಲಿಯಬೇಕು, ಎಲ್ಲರೂ ಕೂಡುವ ಅಭ್ಯಾಸಗಳು ಅಪರೂಪಕ್ಕೆ. ಒಬ್ಬನ ಕಣ್ಣಿನ ಶಕ್ತಿ ಇಷ್ಟು ಕಣಿವೆ ದಾಟಿ ಕೆಲಸ ಮಾಡುವುದಿಲ್ಲ. ಒಂದೇ ಬರಹ ಎಲ್ಲ ಕಡೆಯೂ ಒಂದೇ ರೀತಿ ಓದಲ್ಪಟ್ಟಾಗ ಮಾತ್ರ ಈ ತುಂಡುಗಳು ಒಂದು ದಿನ ಬಂದು ಕೂಡಿಕೊಳ್ಳುತ್ತವೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಪ್ರೌಡ್‌ಮನ್‌ನ ಕ್ವಾಯರ್ ಟಾನಿಕ್ ಸೋಲ್-ಫಾ ಸಂಘದ್ದೇ. ಓದು ಅವರಿಗೂ ಬರುತ್ತಿತ್ತು, ಬಹುಶಃ ವೇಲ್ಸ್‌ನವರಿಗಿಂತ ಚೆನ್ನಾಗಿ. ಆದರೂ ಸೋತರು. ಹಾಗಾದರೆ ಗೆದ್ದದ್ದು ಆವೇಶವೇ ತಾನೆ, ಕರಾದೊಗ್‌ನ ವ್ಯಕ್ತಿತ್ವವೇ ತಾನೆ? ಒಂದಷ್ಟು ಒಪ್ಪಲೇಬೇಕು. ಓದು ಬಂದವರೆಲ್ಲ ಕವಿಗಳಾಗುವುದಿಲ್ಲ. ಅಂದಿನ ವೇಲ್ಸ್ ಕ್ವಾಯರ್ ಹಾಡಿದ್ದರಲ್ಲಿ ಒಂದು ಜನಾಂಗದ ಹಟವಿತ್ತು, ಅದನ್ನು ಎತ್ತಿ ಹೊರತರುವುದು ಕರಾದೊಗ್‌ಗೆ ಗೊತ್ತಿತ್ತು. ಆದರೆ ಈ ಆಕ್ಷೇಪ ತೋರಿಸುವುದು ಓದು ಸಾಲದು ಎಂಬುದನ್ನು, ಬೇಡ ಎಂಬುದನ್ನಲ್ಲ. ಪ್ರೇರಣೆ ಕೊಡಲು ನಾಯಕನಿಗೆ ಸಮಯ ಬೇಕು. ಟೆನರ್‌ನವರಿಗೆ ಒಂದೊಂದು ಸಾಲನ್ನೂ ಹಾರ್ಮೋನಿಯಂನಲ್ಲಿ ಕುಟ್ಟಿ ಕುಟ್ಟಿ ಬಾಯಿಪಾಠ ಮಾಡಿಸುವ ಕ್ವಾಯರ್ ಮಾಸ್ಟರ್‌ಗೆ ಪದದ ಅರ್ಥ, ದನಿಯ ಏರಿಳಿತ, ಉಸಿರಿನ ಜಾಗ ಹೇಳುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಸ್ವರ ಓದಬಲ್ಲ ಕ್ವಾಯರ್ ಆ ಸಮಯವನ್ನು ನಾಯಕನಿಗೆ ಉಳಿಸಿಕೊಡುತ್ತದೆ. ಅಂದು ಎದುರುಬದುರಾದ ಎರಡೂ ಕ್ವಾಯರ್‌ಗಳಿಗೆ ಆ ಉಳಿತಾಯವಿತ್ತು. ಕರಾದೊಗ್ ಅದನ್ನು ಚೆನ್ನಾಗಿ ಖರ್ಚು ಮಾಡಿದ. ಬಾಯಿಂದ ಬಾಯಿಗೆ ಕಲಿತೇ ಹಲವು ದನಿಯಲ್ಲಿ ಹಾಡುವ ಜನರಿಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಇದ್ದಾರೆ, ಜಾರ್ಜಿಯಾದ ಹಳ್ಳಿಗರು ಶತಮಾನಗಳಿಂದ ಮೂರು ದನಿಯಲ್ಲಿ ಹಾಡುತ್ತಾರೆ, ಲಿಪಿಯ ಹಂಗಿಲ್ಲ. ಆದರೆ ಅದು ಮನೆಯಲ್ಲಿ ಹುಟ್ಟಿದ ಹಾಡು, ಬಾಲ್ಯದಿಂದ ಕಿವಿಗೆ ಬಿದ್ದದ್ದು. ನೂರಾರು ಮೈಲಿ ದೂರದ ಯಾವನೋ ಬರೆದ, ನಲವತ್ತು ಪುಟದ ಕೋರಸ್‌ಗಳನ್ನು ಒಂದು ಚಳಿಗಾಲದಲ್ಲಿ ಕಲಿಯಲು ಆ ದಾರಿ ಸಾಲದು.

ಇತಿಹಾಸಕಾರರ ಇನ್ನೊಂದು ಸಂದೇಹ ಇದಕ್ಕಿಂತ ಗಂಭೀರವಾದದ್ದು. ಕ್ವಾಯರ್ ಎಂಬುದು ಕಾರ್ಮಿಕರನ್ನು ಸಾಧುಗಳನ್ನಾಗಿ ಮಾಡುವ ಯಂತ್ರವಾಗಿತ್ತು; ಚಾಪೆಲ್, ಪಾನನಿಷೇಧ ಸಂಘ, ಗಣಿ ಮಾಲೀಕ ಮೂವರೂ ಅದನ್ನು ಬೆಂಬಲಿಸಿದ್ದು ಅದಕ್ಕೇ; ಕೋಲು ಹಿಡಿದವನು ಶಿಸ್ತಿನ ಏಜೆಂಟ್ ಎಂಬ ವಾದ. ಪಾನನಿಷೇಧ ಸಂಘಗಳು ಕ್ವಾಯರ್‌ಗಳನ್ನು ಕಟ್ಟಿದ್ದು ನಿಜ. ಆದರೆ ಆ ಶಿಸ್ತಿನ ಮಹಾ ನಾಯಕ ಪಬ್ಬಿನಲ್ಲಿ ಹುಟ್ಟಿ, ಪಬ್ ನಡೆಸಿ, ಬಿಯರ್‌ನಲ್ಲಿ ಶ್ರೀಮಂತನಾದವನು ಎಂಬುದನ್ನು ಈ ವಾದ ಮರೆಯುತ್ತದೆ. ಮಾಲೀಕರ ಸಂಗೀತ ಹೇಗಿತ್ತು ಎಂಬುದಕ್ಕೆ ಬೇರೆಯೇ ಸಾಕ್ಷಿ ಇದೆ. ಮೆರ್ಥರ್‌ನ ಕಬ್ಬಿಣದ ದೊರೆ ರಾಬರ್ಟ್ ಕ್ರಾಷೇ 1838ರಲ್ಲಿ ಕವಾರ್ತ್ವ ಬ್ರಾಸ್ ಬ್ಯಾಂಡ್ ಕಟ್ಟಿದ. ಹೊರಗಿನಿಂದ ಪಳಗಿದ ವಾದ್ಯಗಾರರನ್ನು ಕರೆಸಿ ಇಟ್ಟುಕೊಂಡ. ಬ್ಯಾಂಡ್ ಅದ್ಭುತವಾಗಿತ್ತಂತೆ, ಆದರೆ ಅದು ಅವನದು, ನಮ್ಮ ಅರಮನೆಗಳ ಬ್ಯಾಂಡ್ ಮಹಾರಾಜರದಾಗಿದ್ದ ಹಾಗೆ. 'ದೊಡ್ಡ ಕ್ವಾಯರ್' ಯಾರದೂ ಆಗಿರಲಿಲ್ಲ. 1873ರ ಆರಂಭದ ತಿಂಗಳುಗಳಲ್ಲಿ ದಕ್ಷಿಣ ವೇಲ್ಸ್‌ನ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಅದೇ ವರ್ಷ ಅದೇ ಕಣಿವೆಗಳ ಜನ ಲಂಡನ್ನಿಗೆ ಹೋಗಿ ಹಾಡಿ ಗೆದ್ದರು. ಹಾಡು ಅವರ ಬೆನ್ನೆಲುಬನ್ನು ಮೆತ್ತಗೆ ಮಾಡಿತು ಎನ್ನಲು ಇದು ಒಳ್ಳೆಯ ಉದಾಹರಣೆಯಲ್ಲ. ಸಭೆ ಕರೆಯುವುದು, ಚಂದಾ ಎತ್ತುವುದು, ಲೆಕ್ಕ ಬರೆಯುವುದು, ಹೇಳಿದ ಹೊತ್ತಿಗೆ ಬರುವುದು: ಕ್ವಾಯರ್ ನಡೆಸಲು ಬೇಕಾದ ಈ ಕೆಲಸಗಳೇ ಕಾರ್ಮಿಕ ಸಂಘ ನಡೆಸಲೂ ಬೇಕು.

ನಾಯಕತ್ವದ ಬೇರೆ ಮಾದರಿಯೂ ಅದೇ ಕ್ರಿಸ್ಟಲ್ ಪ್ಯಾಲೇಸಿನಲ್ಲೇ ಇತ್ತು. ಮೈಕೆಲ್ ಕೋಸ್ಟಾ 1857ರಿಂದ ಅಲ್ಲಿ ಹ್ಯಾಂಡೆಲ್ ಉತ್ಸವ ನಡೆಸಿದ, ಎರಡು ಸಾವಿರಕ್ಕೂ ಮಿಕ್ಕಿದ ಗಾಯಕರನ್ನು ಹಿಡಿದು. ಅಷ್ಟು ಜನರ ಮುಂದೆ ನಿಂತವನು ಸೇನಾಪತಿ. ಸೂಕ್ಷ್ಮಕ್ಕೆ ಜಾಗವಿಲ್ಲ, ಕೋಲು ಎಲ್ಲರಿಗೂ ಕಾಣಿಸಿದರೆ ದೊಡ್ಡದು. ಕೋಲಿನ ಪ್ರತಾಪವನ್ನೇ ನಾಯಕತ್ವ ಎನ್ನುವವರಿಗೆ ಕೋಸ್ಟಾನೇ ಆದರ್ಶವಾಗಬೇಕು. ಆದರೆ ಅವನ ಕ್ವಾಯರ್ ಹೆಸರಾದದ್ದು ಗಾತ್ರಕ್ಕೆ. ಸೋಲ್-ಫಾಗೂ ಮಿತಿ ಇತ್ತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಾಡು ಪದೇ ಪದೇ ಶ್ರುತಿ ಬದಲಿಸುವ ಹೊಸ ಸಂಗೀತ ಬಂದಾಗ ಆ ಅಕ್ಷರಗಳು ತಡವರಿಸಿದವು. ವಾದ್ಯಕ್ಕೆ ಅವು ಒದಗಲಿಲ್ಲ. ವೇಲ್ಸ್‌ನಲ್ಲಿ ಹಾಡುವವರು ಸಾವಿರ, ಆರ್ಕೆಸ್ಟ್ರಾ ಇಲ್ಲ ಎನ್ನುವ ಸ್ಥಿತಿ ದಶಕಗಟ್ಟಲೆ ಉಳಿಯಿತು. ಡೌಲೈಸ್‌ನ ಹ್ಯಾರಿ ಇವಾನ್ಸ್‌ನಂಥ ಮುಂದಿನ ತಲೆಮಾರಿನ ದೊಡ್ಡ ಕ್ವಾಯರ್ ನಾಯಕರೇ ಈ ಕೊರತೆಯನ್ನು ಎತ್ತಿ ಆಡಿದರು. 1919ರಲ್ಲಿ ವೇಲ್ಸ್ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕನಾಗಿ ಬಂದ ವಾಲ್ಫರ್ಡ್ ಡೇವಿಸ್ ವಾದ್ಯಸಂಗೀತ ಬೆಳೆಸಲು ಹೆಣಗಬೇಕಾಯಿತು. ಸ್ಪರ್ಧೆಗಳ ಜ್ವರ ಏರಿದಂತೆ ಬಹುಮಾನದ ಎರಡು ಕೋರಸ್‌ಗಳನ್ನೇ ವರ್ಷವಿಡೀ ಅರೆಯುವ ಕ್ವಾಯರ್‌ಗಳೂ ಹುಟ್ಟಿದವು. ಓದಲು ಕಲಿತವರನ್ನು ಮತ್ತೆ ಗಿಳಿಪಾಠಕ್ಕೆ ಕೂರಿಸಿದ ಹಾಗಾಯಿತು. ಕೊಟ್ಟ ವಿದ್ಯೆಯನ್ನು ನಾಯಕರೇ ಹಿಂದಕ್ಕೆ ಪಡೆದಲ್ಲಿ ಕ್ವಾಯರ್ ಒಣಗಿತು ಎನ್ನುವುದು ನನ್ನ ವಾದವನ್ನು ಗಟ್ಟಿ ಮಾಡುತ್ತದೆಯೇ ಹೊರತು ಮುರಿಯುವುದಿಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 1904–05ರದು. ಇವಾನ್ ರಾಬರ್ಟ್ಸ್ ಎಂಬ ಇಪ್ಪತ್ತಾರರ ಯುವಕನ ಸುತ್ತ ವೇಲ್ಸ್‌ನಲ್ಲಿ ಒಂದು ಧಾರ್ಮಿಕ ಅಲೆ ಎದ್ದಿತು. ಲಂಡನ್ನಿನಿಂದ ಹೋದ ಪತ್ರಕರ್ತ ಡಬ್ಲ್ಯು. ಟಿ. ಸ್ಟೆಡ್ ಮುಂತಾದವರಿಗೆ ಅಲ್ಲಿ ಅಚ್ಚರಿ ತಂದದ್ದು ಉಪದೇಶವಲ್ಲ, ಹಾಡು. ಯಾರೂ ಮುಂದೆ ನಿಂತಿಲ್ಲ, ಯಾರೂ ಹಾಡಿನ ಸಂಖ್ಯೆ ಹೇಳುತ್ತಿಲ್ಲ. ಗ್ಯಾಲರಿಯ ಮೂಲೆಯಿಂದ ಒಬ್ಬಳು ಎತ್ತಿಕೊಂಡರೆ ಇಡೀ ಚಾಪೆಲ್ ನಾಲ್ಕು ದನಿಯಲ್ಲಿ ತುಂಬಿಕೊಳ್ಳುತ್ತಿತ್ತು. ನಾಯಕನಿಲ್ಲದೆ ಹಾಡಬಲ್ಲರು ಎಂಬುದರಿಂದ ನಾಯಕ ಬೇಡವಾಗಿದ್ದ ಎಂದು ತೀರ್ಮಾನಿಸಿದವರು ಉಂಟು. ಆ ಚಾಪೆಲ್‌ಗಳ ಹಿಂದಿನ ಕೋಣೆಗಳಲ್ಲಿ ನಲವತ್ತು ವರ್ಷ ಸ್ವರಪಟ ತೂಗುತ್ತಿತ್ತು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಲ್ಟೊ ಹಾಡುವ ಮುದುಕಿಗೆ ತನ್ನ ಸಾಲು ಯಾವುದು ಎಂದು ಹುಡುಗಿಯಾಗಿದ್ದಾಗಲೇ ಗೊತ್ತಿತ್ತು.

ಆ ಅಲೆ ವೇಲ್ಸ್‌ನಲ್ಲೇ ನಿಲ್ಲಲಿಲ್ಲ. ವೇಲ್ಸ್‌ನ ಮಿಶನ್ 1841ರಲ್ಲಿ ಥಾಮಸ್ ಜೋನ್ಸ್‌ನೊಂದಿಗೆ ಚಿರಾಪುಂಜಿಗೆ ಬಂದಿತ್ತು, 1897ರಲ್ಲಿ ಡಿ. ಇ. ಜೋನ್ಸ್ ಐಜ಼ಾಲ್ ತಲುಪಿದ, ಮರುವರ್ಷ ಬಂದ ಎಡ್ವಿನ್ ರೋಲಂಡ್ಸ್ ಹಾಡು ಕಲಿಸಿದ, ಅನೇಕ ಗೀತೆಗಳನ್ನು ಮಿಜ಼ೊ ಭಾಷೆಗೆ ತಂದ. 1905ರಲ್ಲಿ ಖಾಸಿ ಬೆಟ್ಟಗಳಿಗೂ 1906ರಲ್ಲಿ ಮಿಜ಼ೊ ಬೆ‌ಟ್ಟಗಳಿಗೂ ವೇಲ್ಸ್‌ನ ಅಲೆ ಹಬ್ಬಿತು. ಮಿಶನ್ ಹೋದಲ್ಲೆಲ್ಲ ಹಾಡು ಹೋಯಿತು ಎಂಬುದೇನೂ ವಿಶೇಷವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರೂ ಜರ್ಮನ್ ರಾಗಗಳಿಗೆ ಕನ್ನಡ ಗೀತೆಗಳನ್ನು ಹೊಂದಿಸಿದರು. ಕರಾವಳಿಯ ಮತ್ತು ಧಾರವಾಡ ಕಡೆಯ ಚರ್ಚುಗಳ ಕ್ವಾಯರ್‌ಗಳಿಗೆ ಅಲ್ಲಿಂದಲೇ ಬೇರು. ಆದರೆ ಕನ್ನಡ ಕ್ರೈಸ್ತರ ಹಾಡು ಚರ್ಚಿನ ಗೋಡೆ ದಾಟಿ ನಾಡಿನ ಹವ್ಯಾಸವಾಗಲಿಲ್ಲ. ಇಲ್ಲಿ ಆಗಲೇ ಬೇರೆ ದೊಡ್ಡ ಸಂಗೀತಗಳಿದ್ದವು. ಖಾಸಿ, ಮಿಜ಼ೊ ಬೆಟ್ಟಗಳಲ್ಲಿ ಸೋಲ್-ಫಾ ಊರಿನ ಸಾಮಾನ್ಯ ವಿದ್ಯೆಯಾಯಿತು. ಮಿಜ಼ೊರಾಮಿನ ಗೀತಪುಸ್ತಕಗಳು ಇಂದಿಗೂ ಆ ಅಕ್ಷರಗಳಲ್ಲೇ ಅಚ್ಚಾಗುತ್ತವೆ. ಪಿಯಾನೋ ಮುಟ್ಟದ ಹುಡುಗರು ಅದನ್ನು ನೋಡಿ ತಮ್ಮ ದನಿಯ ಸಾಲನ್ನು ಹಾಡಿಕೊಳ್ಳುತ್ತಾರೆ. 2001ರಲ್ಲಿ ನೀಲ್ ನಾಂಕಿನ್ರಿಹ್ ಶಿಲ್ಲಾಂಗ್ ಚೇಂಬರ್ ಕ್ವಾಯರ್ ಕಟ್ಟಿ 2010ರಲ್ಲಿ ಟಿವಿ ಸ್ಪರ್ಧೆಯಲ್ಲಿ ಗೆದ್ದಾಗ ದೇಶವೆಲ್ಲ ಅವರ ಪ್ರತಿಭೆಯನ್ನು ಕೊಂಡಾಡಿತು, ಅದು ಸರಿಯೇ. ಅದರ ಹಿಂದೆ ಚರ್ಚುಗಳಲ್ಲಿ ತಲೆಮಾರುಗಳಿಂದ ನಾಲ್ಕು ದನಿಯಲ್ಲಿ ಹಾಡಿಕೊಂಡು ಬಂದ ಊರುಗಳಿದ್ದವು.

ಮಿಜ಼ೊ ಜನ ಬಂದದ್ದನ್ನು ಹಾಗೇ ಇಟ್ಟುಕೊಳ್ಳಲೂ ಇಲ್ಲ. ಮಿಶನರಿಗಳು ಖುವಾಂಗ್ ಎಂಬ ಮಿಜ಼ೊ ಡೋಲನ್ನು ಹಳೆಯ ಧರ್ಮದ ಗುರುತೆಂದು ಆರಾಧನೆಯಿಂದ ಹೊರಗಿಟ್ಟಿದ್ದರು. 1919ರ ಸುಮಾರಿನ ಮತ್ತೊಂದು ಅಲೆಯಲ್ಲಿ ಅದು ಚರ್ಚಿನೊಳಗೆ ಬಂದಿತು. 'ಲೆಂಗ್‌ಖಾಮ್' ಎಂಬ ಸಮೂಹಗಾಯನ ಬೆಳೆದದ್ದು ಆಗ: ನಿಧಾನದ ಡೋಲಿನ ಬಡಿತ, ಒಬ್ಬರು ಮುಂದಿನ ಸಾಲನ್ನು ಕೂಗಿ ಕೊಡುವುದು, ಕೋಲು ಹಿಡಿದವರು ಯಾರೂ ಇಲ್ಲ. ನಮ್ಮ ಭಜನೆಯ ಮನೆಗೆ ಇದು ಹತ್ತಿರ. ಆದರೆ ಅದಕ್ಕಾಗಿ ಅವರು ಕ್ವಾಯರ್ ಬಿಡಲಿಲ್ಲ. ಅದೇ ಚರ್ಚಿನಲ್ಲಿ ಸಭೆಯವರೆಲ್ಲ ಡೋಲಿಗೆ ಹಾಡುತ್ತಾರೆ. ಕ್ವಾಯರ್‌ನವರು ಎದ್ದು, ಕೈಯಲ್ಲಿ ಸೋಲ್-ಫಾ ಹಾಳೆ ಹಿಡಿದು, ನಾಯಕನ ಕೈ ನೋಡಿ ಹಾಡುತ್ತಾರೆ. ಯಾವ ಹಾಡಿಗೆ ಕೋಲು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅಲ್ಲಿ ಹಾಡುವವರೇ ನಿರ್ಧರಿಸಿಕೊಂಡಿದ್ದಾರೆ.